ಇಂಗ್ಲಿಷ್ ‘ಎಸ್’ ನುಂಗಿದ ಊರು

(ಶಿರಾದಲ್ಲಿ ಸೇರಿದ್ದ ಕನ್ನಡ ಯುವಜನರ ಮುಂದೆ ಮಾಡಿದ ಭಾಷಣದ ಬರಹ ರೂಪ)

ಬೆಳಗಾಗುವ ಮುಂಚೆಯೇ ಬಸ್ಸು ಹತ್ತಿ ಬೆಂಗಳೂರಿನಿಂದ ಇಲ್ಲಿಗೆ ಬಂದಿರುವ ಗೆಳೆಯರೇ, ಗೆಳತಿಯರೇ, ಶಿರಾ ಸೀಮೆಯ ಹಿರಿಯರೇ,

ಭಾಷಣ ಆಮೇಲೆ. ಮೊದಲು ಒಂದು ಕೆಲಸ ಮಾಡಿ. ಜೇಬಿನಲ್ಲಿರುವ ಗುರುತಿನ ಚೀಟಿ ಹೊರಗೆ ತೆಗೆಯಿರಿ. ನಾಳೆ ಇದನ್ನು ಪತ್ರಿಕೆಯಲ್ಲಿ ಓದುವವರೂ ತೆಗೆಯಿರಿ. ನಿಮ್ಮ ಹೆಸರಿನ ಹಿಂದೆಯೋ ಮುಂದೆಯೋ ಒಂದೆರಡು ಇಂಗ್ಲಿಷ್ ಅಕ್ಷರ ಅಂಟಿಕೊಂಡಿರುತ್ತದೆ. ಬಿ., ಕೆ., ಎಚ್., ಟಿ., ಎಸ್. ಅದರಲ್ಲಿ ಒಂದು ನಿಮ್ಮಪ್ಪನ ಹೆಸರು. ಅದು ಗೊತ್ತಿದೆ. ಇನ್ನೊಂದು?

ಗೊತ್ತಿಲ್ಲ. ಬಸ್ಸಿನಲ್ಲಿ ಬರುವಾಗ ಹತ್ತು ಜನರನ್ನು ಕೇಳಿದೆ. ಒಬ್ಬ ಹುಡುಗ ‘ಬಿ. ಅಂದ್ರೆ ಬೆಂಗಳೂರೇ ಇರ್ಬೇಕು ಸಾರ್’ ಎಂದ. ಅವನ ಪಕ್ಕದಲ್ಲಿ ಕೂತಿದ್ದ ಅವನ ಚಿಕ್ಕಪ್ಪ ನಕ್ಕು, ‘ಬುಕ್ಕಾಪಟ್ಟಣ ಕಣಲೇ’ ಎಂದರು. ಇಪ್ಪತ್ತೆರಡು ವರ್ಷ ಆ ಹುಡುಗ ತನ್ನ ಊರನ್ನು ಹೆಸರಿನ ಮುಂದೆ ಹೊತ್ತುಕೊಂಡು ತಿರುಗಿದ್ದಾನೆ. ಅದು ಅವನಿಗೇ ಗೊತ್ತಿಲ್ಲ! ಈ ಒಂದು ತಾಲೂಕಿನಲ್ಲೇ ನೋಡಿ. ಬಿ. ಎಂದರೆ ಬರಗೂರೂ ಹೌದು, ಬುಕ್ಕಾಪಟ್ಟಣವೂ ಹೌದು. ಕೆ. ಎಂದರೆ ಕಳ್ಳಂಬೆಳ್ಳವೂ ಆದೀತು, ಕಳುವರಹಳ್ಳಿಯೂ ಆದೀತು. ಎಚ್. ಹುಲಿಕುಂಟೆ, ಜಿ. ಗೌಡಗೆರೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಗೂಡುಗಳಲ್ಲಿ ಕರ್ನಾಟಕದ ಸಾವಿರಾರು ಹಳ್ಳಿಗಳನ್ನು ತುರುಕಿದ್ದೇವೆ. ಒಳಗೆ ಹೋದದ್ದು ಹೊರಗೆ ಬರುತ್ತಿಲ್ಲ.

ನಮ್ಮ ಹಿರಿಯರು ಹೀಗೆ ಮಾಡಿರಲಿಲ್ಲ. ಬರಗೂರು ರಾಮಚಂದ್ರಪ್ಪನವರು ಈ ತಾಲೂಕಿನ ಬರಗೂರನ್ನು ಇಡಿಯಾಗಿ ಹೊತ್ತುಕೊಂಡೇ ನಾಡಿಗೆಲ್ಲ ಪರಿಚಯವಾದರು. ಗುಬ್ಬಿ ವೀರಣ್ಣನವರ ಹೆಸರಿನಿಂದ ಗುಬ್ಬಿಯನ್ನು ತೆಗೆದುಹಾಕಿ ನೋಡೋಣ! ಇಲ್ಲೇ ಚಿಕ್ಕನಾಯಕನಹಳ್ಳಿ ತಾಲೂಕಿನ ತೀರ್ಥಪುರದ ನಂಜುಂಡಯ್ಯನವರ ಮಗ ಶ್ರೀಕಂಠಯ್ಯನವರು ತಮ್ಮ ಹೆಸರನ್ನು ತೀ.ನಂ.ಶ್ರೀ. ಎಂದು ಬರೆದುಕೊಂಡರು. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಟಿ.ಎನ್. ಎಂದು ಬರೆದರೆ ಟಿ. ಎಂದರೆ ತುಮಕೂರೋ ತಿಪಟೂರೋ ತುರುವೇಕೆರೆಯೋ ಯಾರು ಹೇಳಬೇಕು? ‘ತೀ’ ಎಂದಾಗ ದಾರಿ ಅರ್ಧ ಸಿಕ್ಕ ಹಾಗೆ. ಕನ್ನಡದ ಒಂದು ಅಕ್ಷರದಲ್ಲಿ ವ್ಯಂಜನವೂ ಇದೆ, ಸ್ವರವೂ ಇದೆ, ಒತ್ತೂ ಇದೆ. ಇಂಗ್ಲಿಷಿನ ಒಂಟಿ ಅಕ್ಷರದಲ್ಲಿ ಅದು ಯಾವುದೂ ಇಲ್ಲ.

ಇದು ಬರೀ ಅಭಿಮಾನದ ಮಾತು ಎಂದುಕೊಳ್ಳಬೇಡಿ. ಈ ಒಂದು ಅಕ್ಷರದಿಂದ ನನ್ನ ಮನೆಯಲ್ಲಿ ಏನಾಯಿತು ಎಂದು ಹೇಳುತ್ತೇನೆ ಕೇಳಿ.

ಕೊಳಗದ ಮೇಲಿನ ಅಕ್ಷರ

ನನ್ನ ಹೆಸರಿನ ಮುಂದಿರುವುದು ‘ಎಸ್.’ ಅದು ಶ್ರೀರಂಗಪಟ್ಟಣ ಎಂದೇ ನಂಬಿದ್ದೆ. ನಂಬದೆ ಇರಲು ಕಾರಣವೂ ಇರಲಿಲ್ಲ. ನಮ್ಮ ತಾತ ಹುಟ್ಟಿದ್ದು ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಂನಲ್ಲಿ. ಬೆಂಗಳೂರಿಗೆ ಬಂದು ಗಿರಣಿ ಸೇರಿದರು. ಅಪ್ಪನ ಅಂಕಪಟ್ಟಿಯಲ್ಲಿ ಎಸ್., ನನ್ನ ಅಂಕಪಟ್ಟಿಯಲ್ಲೂ ಎಸ್. ಮುಗಿಯಿತು.

ಅಜ್ಜಿ ತೀರಿಕೊಂಡ ಮೇಲೆ ಪಾತ್ರೆ ಪಗಡೆ ಹಂಚುವಾಗ ಒಂದು ಹಿತ್ತಾಳೆ ಕೊಳಗ ನನ್ನ ಪಾಲಿಗೆ ಬಂತು. ಹುಣಿಸೆಹಣ್ಣು ಹಚ್ಚಿ ಉಜ್ಜಿದಾಗ ಅಂಚಿನ ಕೆಳಗೆ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರ ಎದ್ದು ಬಂತು. ನಿಮ್ಮ ಮನೆಯ ಹಳೇ ಪಾತ್ರೆಗಳಲ್ಲೂ ಇರುತ್ತದೆ, ನೋಡಿ. ಮುತ್ತಜ್ಜನ ಹೆಸರು, ಅದರ ಹಿಂದೆ ‘ಶಿ॥’. ಶ್ರೀ ಅಲ್ಲ, ಶಿ. ಎರಡು ಗೀಟು ಬೇರೆ ಇದೆ, ಅಂದರೆ ಅದು ಯಾವುದೋ ಹೆಸರಿನ ಮೊದಲಕ್ಷರ.

‘ಹೊಡೆದವನು ಶ್ರೀ ಬರೆಯಲು ಹೋಗಿ ಶಿ ಬರೆದಿರಬೇಕು’ ಎಂದರು ನಮ್ಮ ದೊಡ್ಡಪ್ಪನ ಮಗ. ಇರಬಹುದು. ಒಂದು ಕೊಳಗವನ್ನು ನಂಬಿಕೊಂಡು ಊರು ಬದಲಾಯಿಸಲಾದೀತೇ? ಗಂಜಾಂಗೆ ಹೋಗಿ ನಮ್ಮ ಕಡೆಯ ಒಬ್ಬ ಹಣ್ಣು ಮುದುಕಿಯನ್ನು ಕೇಳಿದೆ. ‘ಶಿರದೋರ ಮನೆ ಅಂತಲೇ ಕರೀತಿದ್ರು ಕಣಪ್ಪಾ ನಮ್ಮನ್ನ. ನಿನಗೆ ಗೊತ್ತಿಲ್ವಾ?’ ಎಂದರು. ನನಗೆ ಗೊತ್ತಿರಲಿಲ್ಲ. ನನ್ನ ತಂದೆಗೂ ಗೊತ್ತಿರಲಿಲ್ಲ. ಆಮೇಲೆ ಒಂದು ಹಳೆಯ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಾತನ ಹೆಸರು ಸಿಕ್ಕಿತು. ಕನ್ನಡದಲ್ಲಿ, ದುಂಡು ಅಕ್ಷರದಲ್ಲಿ, ‘ಶಿರದ’ ಎಂದು ಪೂರ್ತಿ ಬರೆದಿತ್ತು. ಬೆಂಗಳೂರಿಗೆ ಬಂದಾಗ ಯಾರೋ ಗುಮಾಸ್ತರು ಅದನ್ನು ‘ಎಸ್.’ ಮಾಡಿದರು. ಎಸ್. ಅನ್ನು ನಾವು ಶ್ರೀರಂಗಪಟ್ಟಣ ಮಾಡಿಕೊಂಡೆವು. ಎರಡೇ ತಲೆಮಾರಿಗೆ ಒಂದು ಊರು ಹೋಯಿತು. ‘ಶಿ’ ಎಂದೇ ಬರೆದುಕೊಂಡಿದ್ದರೆ ಹೋಗುತ್ತಿರಲಿಲ್ಲ.

ಇನ್ನೊಂದು ಸಾಕ್ಷಿ ಮೊದಲಿನಿಂದಲೂ ಕಣ್ಣೆದುರಿಗೇ ಇತ್ತು. ನಮ್ಮ ಮನೆಯ ಮಕ್ಕಳ ಮುಡಿ ತೆಗೆಸುತ್ತಿದ್ದುದು ಶಿರಾ ಕಡೆಯ ಒಂದು ಸಣ್ಣ ಹಳ್ಳಿಯ ರಂಗನಾಥನಿಗೆ. ಯೋಚಿಸಿ! ಬಾಗಿಲ ಮುಂದೆಯೇ ಕಾವೇರಿಯ ಶ್ರೀರಂಗನಾಥ ಮಲಗಿದ್ದಾನೆ. ಅವನನ್ನು ಬಿಟ್ಟು ಗಾಡಿ ಕಟ್ಟಿಕೊಂಡು, ಈ ಬಯಲುಸೀಮೆಯ ಬಂಡೆಯ ಮೇಲಿನ ಇನ್ನೊಬ್ಬ ರಂಗನಾಥನ ಹತ್ತಿರ ಏಕೆ ಹೋಗುತ್ತಿದ್ದರು? ಹೆಸರು ಬದಲಾಗುತ್ತದೆ, ಕಸುಬು ಬದಲಾಗುತ್ತದೆ, ಮನೆದೇವರು ಬೇಗ ಬದಲಾಗುವುದಿಲ್ಲ. ನೀವು ದೇವರನ್ನು ನಂಬಿ ಬಿಡಿ, ಅದು ನಿಮಗೆ ಬಿಟ್ಟದ್ದು. ಆದರೆ ಮನೆದೇವರು ಯಾರು, ಯಾವ ಊರಿನವನು ಎಂದು ಮನೆಯಲ್ಲಿ ಕೇಳಿಟ್ಟುಕೊಳ್ಳಿ. ಕನ್ನಡನಾಡಿನಲ್ಲಿ ಊರು ಬಿಟ್ಟವರ ವಿಳಾಸ ಬರೆದಿಟ್ಟವನು ಅವನೇ.

ಟಿಪ್ಪು ಕರೆದೊಯ್ದನೋ, ಬರ ಅಟ್ಟಿತೋ

ಶಿರಾ ಎಂದರೆ ಈಗ ನಿಮಗೆ ಹೆದ್ದಾರಿಯ ಮೇಲ್ಸೇತುವೆ. ಒಂದು ಕಾಲಕ್ಕೆ ಇದು ರಾಜಧಾನಿ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಗೆದ್ದುಕೊಂಡ. 1687ರಲ್ಲಿ ಮೊಗಲರು ಬಂದು ಇದನ್ನೇ ತಮ್ಮ ಒಂದು ಸುಬಾದ ಮುಖ್ಯ ಪಟ್ಟಣ ಮಾಡಿಕೊಂಡರು. ಮರಾಠರು ಬಂದರು, 1761ರಲ್ಲಿ ಹೈದರ್ ಅಲಿಯ ಕೈಗೆ ಬಂತು. ಊರೊಳಗಿನ ಮಲ್ಲಿಕ್ ರೆಹಾನ್ ದರ್ಗಾ, 1696ರ ಜುಮ್ಮಾ ಮಸೀದಿ ನೋಡದೆ ಬಸ್ಸು ಹತ್ತಬೇಡಿ. ಶಿರಾದ ಮುಸಲ್ಮಾನ ಮನೆತನಗಳಲ್ಲಿ ಇರುವ ಹಳೆಯ ಕಾಗದಗಳೂ ಈ ನಾಡಿನ ಚರಿತ್ರೆಯೇ. ಅವರನ್ನು ಬಿಟ್ಟು ಶಿರಾದ ವಂಶಾವಳಿ ಬರೆಯುತ್ತೇನೆ ಎನ್ನುವವನು ಅರ್ಧ ಪುಸ್ತಕ ಹರಿದು ಓದಿದ ಹಾಗೆ.

ಈಗ ನಮ್ಮ ಮನೆಯ ವಿಷಯ. ಟಿಪ್ಪು ಸುಲ್ತಾನ್ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ, ಶ್ರೀರಂಗಪಟ್ಟಣದ ದ್ವೀಪದಲ್ಲಿ ತಾನು ಕಟ್ಟಿಸಿದ ಹೊಸ ಪೇಟೆ ಶಹರ್ ಗಂಜಾಂಗೆ ತುಂಬಿಸಿದ ಎಂದು ಲೂಯಿ ರೈಸರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಟಿಪ್ಪುವಿನ ಪರ-ವಿರೋಧದ ಜಗಳಕ್ಕೆ ಬೇರೆ ವೇದಿಕೆಗಳಿವೆ, ಇವತ್ತು ಬೇಡ. ನಾನು ಯೋಚಿಸುವುದು ಎತ್ತಿನ ಗಾಡಿಯ ಮೇಲೆ ಒನಕೆ, ಬೀಸುವ ಕಲ್ಲು ಹೇರಿಕೊಂಡು ಹೊರಟ ಆ ಹೆಂಗಸರನ್ನು.

ನಮ್ಮ ಬಂಧುಗಳಿಗೆ ಇದು ತಿಳಿದದ್ದೇ ತಡ, ಹಬ್ಬ! ‘ನಾವು ಟಿಪ್ಪು ಕಾಲದಲ್ಲಿ ಬಂದವರು’ ಎಂದು ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗಿದರು. ನನಗೂ ಖುಷಿಯಾಗಿತ್ತು. ಸುಳ್ಳು ಹೇಳುವುದಿಲ್ಲ.

ಆ ಖುಷಿಗೆ ತಣ್ಣೀರು ಹಾಕಿದವರು ಶಿರಾದ ಒಬ್ಬ ನಿವೃತ್ತ ಮೇಷ್ಟ್ರು. ಹೆಸರು ಹೇಳಬೇಡ ಎಂದಿದ್ದಾರೆ, ಹಿಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಸ್ವಾಮೀ, ಗಂಜಾಂ ತುಂಬ ಶಿರದವರೇ ತುಂಬಿದ್ದ ಮೇಲೆ, ಒಂದು ಮನೆಯನ್ನು ಮಾತ್ರ ಶಿರದೋರ ಮನೆ ಅಂತ ಯಾಕೆ ಕರೀತಾರೆ?’

ನಾನು ಬಾಯಿ ಮುಚ್ಚಿಕೊಂಡೆ. ನಿಜವಲ್ಲವೇ? ಬೆಂಗಳೂರಿನಲ್ಲಿ ಯಾರನ್ನಾದರೂ ‘ಬೆಂಗಳೂರಿನವನು’ ಎಂದು ಕರೆದು ಗುರುತಿಸುತ್ತಾರೆಯೇ? ಊರಿನ ಹೆಸರು ಅಂಟುವುದು ಹೊಸದಾಗಿ ಬಂದವನಿಗೆ. ಹಾಗಾದರೆ ನಮ್ಮವರು ಟಿಪ್ಪು ಹೋದ ಎಷ್ಟೋ ಕಾಲದ ಮೇಲೆ, ಆ ಹಳೆಯ ಶಿರದವರೆಲ್ಲ ಗಂಜಾಂನವರೇ ಆಗಿಹೋದ ಮೇಲೆ ಬಂದವರು. ಯಾವಾಗ? ಏಕೆ?

ಉತ್ತರ ಸಿಕ್ಕಿದ್ದು ಆ ಮನೆದೇವರ ಹಳ್ಳಿಯ ಒಂದು ತಗಡಿನ ಪೆಟ್ಟಿಗೆಯಲ್ಲಿ. ಅದರಲ್ಲಿ ಹೊಲ ಮಾರಿದ ಒಂದು ಕ್ರಯಪತ್ರ ಇತ್ತು. ಮಾರಿದವನ ಹೆಸರು ನನ್ನ ಮುತ್ತಜ್ಜನ ತಂದೆಯ ಹೆಸರೇ. ಕಾಲ, ‘ಈಶ್ವರ ಸಂವತ್ಸರ’. ಇಸವಿ ಇದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ, ಅದು ನಿಮಗೆ ನೆನಪಿರಬೇಕು. ಈಶ್ವರ 1877-78ರಲ್ಲಿ ಬಂದಿತ್ತು, 1937-38ರಲ್ಲೂ ಬಂದಿತ್ತು. ಯಾವುದು? ಹೊಲಕ್ಕೆ ಸರ್ವೆ ನಂಬರೇ ಇಲ್ಲ. ಮೂಡಲಿಗೆ ಹಳ್ಳ, ಪಡುವಲಿಗೆ ಇಂಥವನ ಹೊಲ ಎಂದು ಚಕ್ಕುಬಂದಿ ಮಾತ್ರ. ಅಳತೆ ಎಕರೆ ಗುಂಟೆಯಲ್ಲಿಲ್ಲ, ಬಿತ್ತನೆಯ ಕೊಳಗದ ಲೆಕ್ಕದಲ್ಲಿದೆ. ಮೈಸೂರು ಸಂಸ್ಥಾನದಲ್ಲಿ ಸರ್ವೆ ಇಲಾಖೆ ಶುರುವಾದದ್ದು 1863ರಲ್ಲಿ, ತಾಲೂಕು ತಾಲೂಕಾಗಿ ನಿಧಾನಕ್ಕೆ ಹಬ್ಬಿತು. 1937ರಲ್ಲಿ ನಂಬರಿಲ್ಲದೆ ಹೊಲ ಮಾರುವುದು ಸಾಧ್ಯವೇ? ಹಾಗಾಗಿ 1877-78.

ಆ ವರ್ಷ ಎಂಥದೆಂದು ಹಳಬರಿಗೆ ಹೇಳಬೇಕಾಗಿಲ್ಲ. ಧಾತು-ಈಶ್ವರ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ನಾಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು ಕುಗ್ಗಿತು. ಬರದ ಕಾಮಗಾರಿಯಾಗಿ ಶುರುವಾದ ಬೆಂಗಳೂರು–ಮೈಸೂರು ರೈಲುದಾರಿ ಶ್ರೀರಂಗಪಟ್ಟಣದ ಮೇಲೆಯೇ ಹಾದುಹೋಯಿತು. ಹೊಲ ಮಾರಿದವನು, ಇಲ್ಲವೇ ಅವನ ಮಗ, ಆ ದಾರಿಗೆ ಮಣ್ಣು ಹೊರುತ್ತಾ ಹೊರುತ್ತಾ ಗಂಜಾಂ ಸೇರಿದನೇ? ಇದು ನನ್ನ ಊಹೆ, ಪುರಾವೆ ಇಲ್ಲ. ತಾತನ ಹೆಸರನ್ನೇ ಮೊಮ್ಮಗನಿಗಿಡುವ ನಮ್ಮ ಪದ್ಧತಿಯಿಂದ ಒಂದೇ ಹೆಸರು ಊರಿನಲ್ಲಿ ನಾಲ್ಕಾರು ಜನಕ್ಕೆ ಇರುತ್ತದೆ. ಕ್ರಯಪತ್ರದವನು ನಮ್ಮವನೇ ಎಂದು ಆಣೆ ಮಾಡಲಾರೆ. ಆದರೂ ನನ್ನ ಮನಸ್ಸು ಬರದ ಕಡೆಗೇ ವಾಲುತ್ತದೆ.

ದೊಡ್ಡಪ್ಪನ ಮಗನಿಗೆ ಇದು ರುಚಿಸಲಿಲ್ಲ. ‘ಟಿಪ್ಪು ಕರೆದುಕೊಂಡು ಹೋದ ಅಂತ ಹೇಳಿಕೊಳ್ಳೋದು ಬಿಟ್ಟು, ಹೊಟ್ಟೆಗಿಲ್ಲದೆ ಬಂದರು ಅಂತ ಹೇಳ್ಬೇಕಾ?’ ಎಂದು ಎರಡು ತಿಂಗಳು ಮಾತು ಬಿಟ್ಟರು. ಈಗ ಸರಿಹೋಗಿದ್ದಾರೆ. ಹೊಟ್ಟೆಗಿಲ್ಲದೆ ನಡೆದು ಬಂದು ಬದುಕಿ ಉಳಿದದ್ದರಲ್ಲಿ ನಾಚಿಕೆ ಏನಿದೆ ಎನ್ನುವುದು ನನ್ನ ವಾದ. ಅವರು ಒಪ್ಪಿಲ್ಲ, ವಾದ ನಿಲ್ಲಿಸಿದ್ದಾರೆ ಅಷ್ಟೆ.

ಒಬ್ಬರಿಂದ ಆಗುವ ಕೆಲಸವಲ್ಲ

ಇದೆಲ್ಲ ನನ್ನ ಜಾಣತನ ಎಂದು ತಿಳಿಯಬೇಡಿ. ಆ ಕ್ರಯಪತ್ರವನ್ನು ನಾನು ಓದಲೇ ಇಲ್ಲ! ನೋಡಿದರೆ ಜಿಲೇಬಿ ಸುತ್ತಿದ ಹಾಗಿತ್ತು. ಶ್ಯಾನುಭೋಗರ ಮೋಡಿ ಬರಹ, ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ, ಅಂಕಿಗಳೆಲ್ಲ ಕನ್ನಡದವು. ನಮ್ಮ ಮೇಷ್ಟ್ರು ಭೂತಗನ್ನಡಿ ಹಿಡಿದು ಎರಡು ಮಧ್ಯಾಹ್ನ ಕೂತು ಬಿಡಿಸಿದರು. ಅವರಿಗೆ ಆ ಬರಹ ಕಲಿಸಿದ್ದು ಅವರ ಮಾವ. ಮೇಷ್ಟ್ರು ಯಾರಿಗೆ ಕಲಿಸಿದ್ದಾರೆ? ಇದುವರೆಗೆ ಯಾರೂ ಬಂದು ಕೇಳಿಲ್ಲವಂತೆ. ಕಾನ್ವೆಂಟಿನಲ್ಲಿ ಓದಿ, ಅಚ್ಚಿನ ಕನ್ನಡ ಓದಲೂ ತಡವರಿಸುವ ಹುಡುಗನ ಮನೆಯ ಅಟ್ಟದ ಮೇಲೆ ಇಂಥ ಕಾಗದ ಇದ್ದರೆ ಅವನಿಗೆ ಅದು ರದ್ದಿ. ಕೆ.ಜಿ. ಲೆಕ್ಕಕ್ಕೆ ಹೋಗುತ್ತದೆ. ಹೋಗಿದೆ ಕೂಡ.

ನಮ್ಮ ತಾಯಿಯ ತವರು ಗಡಿಯಾಚೆ, ಮಡಕಶಿರಾ ಸೀಮೆ. ಭೂಪಟ ತೆಗೆದು ನೋಡಿ. ಶಿರಾ, ಮಧುಗಿರಿ, ಪಾವಗಡಗಳ ನಡುವೆ ಆಂಧ್ರದ ನೆಲ ಒಂದು ಬೆರಳಿನ ಹಾಗೆ ಒಳಗೆ ಚಾಚಿಕೊಂಡಿದೆ. ಅಲ್ಲಿಯ ಹೇಮಾವತಿ, ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿ ಕನ್ನಡ ಶಾಸನಗಳು ಬಿದ್ದಿವೆ, ಮನೆಗಳಲ್ಲಿ ಇವತ್ತಿಗೂ ಕನ್ನಡ ಆಡುತ್ತಾರೆ. ಹಿಂದೆ ಮದರಾಸಿಗೆ ಸೇರಿದ್ದ ಆ ಸೀಮೆ 1953ರಲ್ಲಿ ಆಂಧ್ರ ರಾಜ್ಯದ ಪಾಲಾಯಿತು. ತಾತನ ಮನೆ ಆಚೆ, ಮಾವನ ಮನೆ ಈಚೆ. ಹೆಣ್ಣು ಕೊಡುವುದು ತರುವುದು ನಿಂತಿಲ್ಲ, ದಾಖಲೆಗಳ ಲಿಪಿ ಮಾತ್ರ ಬೇರೆಯಾಯಿತು. ನಮ್ಮ ತಾಯಿಯ ಕಡೆಯ ಜಮೀನಿನ ಕಾಗದಗಳು ತೆಲುಗು ಲಿಪಿಯವು. ಅವನ್ನು ಓದಿಕೊಟ್ಟದ್ದು ಪಾವಗಡದ ಒಬ್ಬ ಹುಡುಗ. ಅವನ ಮನೆಮಾತು ತೆಲುಗು. ಅವನ ಮನೆಯ ಹಳೆಯ ಪತ್ರಗಳು ಕನ್ನಡದವು, ಅವನ್ನು ಮೇಷ್ಟ್ರು ಓದಿಕೊಟ್ಟರು. ಕನ್ನಡದ ಹಕ್ಕಿಗೆ ಹೋರಾಡುವವರಿಗೆ ಪಕ್ಕದ ಮನೆಯ ಭಾಷೆ ವೈರಿಯಲ್ಲ. ಯಾರಾದರೂ ಹಾಗೆಂದು ಹೇಳಿಕೊಟ್ಟಿದ್ದರೆ ಅವರನ್ನು ಒಂದು ದಿನ ಪಾವಗಡಕ್ಕೆ ಕರೆದುಕೊಂಡು ಬನ್ನಿ.

ಇನ್ನು ಹೆಳವರು. ಪಟ್ಟಣದಲ್ಲಿ ಬೆಳೆದ ನಿಮ್ಮಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದೀರಿ? ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು, ಮನೆಯ ಮುಂದೆ ನಿಂತು ನಿಮ್ಮ ವಂಶದ ಹೆಸರುಗಳನ್ನು ತಲೆತಲಾಂತರದಿಂದ ಹೇಳಿಕೊಂಡು ಹೋಗುವವರು. ತಮ್ಮ ಮೂಲಪುರುಷ ಕುಂಟನಾಗಿದ್ದ, ಬಸವಣ್ಣನವರು ಅವನನ್ನು ಎತ್ತಿನ ಮೇಲೆ ಕೂರಿಸಿದರು ಎಂದು ಅವರ ಕಥೆ. ಒಕ್ಕಲಿಗರ, ಲಿಂಗಾಯಿತರ, ಕುರುಬರ ಎಷ್ಟೋ ಮನೆತನಗಳ ಲೆಕ್ಕ ಅವರ ಹೊತ್ತಿಗೆಗಳಲ್ಲಿದೆ. ತೆಲುಗು ಸೀಮೆಯಲ್ಲಿ ಇದೇ ಕೆಲಸ ಮಾಡುವವರು ಪಿಚ್ಚಿಗುಂಟರು. ಅಮೆರಿಕದ ಅಲೆಕ್ಸ್ ಹೇಲಿ ಎಂಬ ಕರಿಯ ಲೇಖಕ ಆಫ್ರಿಕಾದ ಗ್ಯಾಂಬಿಯಾಕ್ಕೆ ಹೋಗಿ, ವಂಶಾವಳಿ ಹೇಳುವ ಅಲ್ಲಿನ ಗ್ರಿಯೋ ಒಬ್ಬರಿಂದ ತನ್ನ ಪೂರ್ವಜನ ಕಥೆ ಕೇಳಿ 1976ರಲ್ಲಿ ‘ರೂಟ್ಸ್’ ಬರೆದ. ಜಗತ್ತೇ ಹುಚ್ಚೆದ್ದು ಓದಿತು. ಅದರಲ್ಲಿ ಎಷ್ಟು ನಿಜ ಎಂದು ವಿದ್ವಾಂಸರು ಆಮೇಲೆ ಪ್ರಶ್ನೆ ಎತ್ತಿದರು, ಅದು ಬೇರೆ ಮಾತು. ನಮ್ಮ ಗ್ರಿಯೋ ಮನೆ ಬಾಗಿಲಿಗೇ ಬಂದು ಗಂಟೆ ಬಾರಿಸಿದರೆ ನಾವು ಎರಡು ರೂಪಾಯಿ ಕೊಟ್ಟು ‘ಮುಂದಕ್ಕೆ ಹೋಗಪ್ಪ’ ಎನ್ನುತ್ತೇವೆ.

ನನಗೆ ಸಿಕ್ಕ ಹೆಳವರ ಹಿರಿಯರು ಎತ್ತಿನ ಮೇಲೆ ಬರಲಿಲ್ಲ, ಮೋಟಾರು ಸೈಕಲ್ಲಿನಲ್ಲಿ ಬಂದರು. ಆ ಹಳ್ಳಿಯ ಹೊತ್ತಿಗೆ ಬಿಚ್ಚಿ ನೋಡಿ ಹೇಳಿದರು: ‘ಒಂದು ಕವಲು ಊರು ಬಿಟ್ಟೋರು ಅಂತ ಬರ್ದದೆ ಸ್ವಾಮಿ. ಎಲ್ಲಿಗೆ ಅಂತ ಬರ್ದಿಲ್ಲ. ಊರು ಬಿಟ್ಟೋರಿಂದ ನಮಗೆ ಕಾಳು ಬರ್ತಿರ್ಲಿಲ್ಲವಲ್ಲ, ಬರ್ದು ಏನ್ಮಾಡೋದು?’ ಇದಕ್ಕಿಂತ ಪ್ರಾಮಾಣಿಕ ಉತ್ತರ ನನಗೆ ಯಾವ ಕಚೇರಿಯಲ್ಲೂ ಸಿಗಲಿಲ್ಲ.

ಅವರ ಹೊತ್ತಿಗೆಯಲ್ಲಿ ಒಂದು ಕೊರತೆ. ಅಪ್ಪ, ಮಗ, ಮೊಮ್ಮಗ. ಹೆಂಗಸರ ಹೆಸರೇ ಇಲ್ಲ. ಪಹಣಿಯಲ್ಲೂ ಹಾಗೆಯೇ. ನನ್ನ ಮುತ್ತಜ್ಜಿಯ ಹೆಸರು ಯಾವ ಕಾಗದದಲ್ಲೂ ಇಲ್ಲ. ಗಂಜಾಂನ ಆ ಮುದುಕಿಯ ಬಾಯಲ್ಲಿ ಇತ್ತು, ಅವರು ಹೋದ ವರ್ಷ ತೀರಿಕೊಂಡರು. ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ತಾಯಿಯಿಂದ ಬಳಿ ಎಣಿಸುತ್ತಾರೆ. ನಮ್ಮ ಕಡೆ ಹಾಗಿಲ್ಲ. ಆದ್ದರಿಂದ ಹುಡುಗಿಯರೇ, ಇದು ನಿಮ್ಮ ಕೆಲಸ. ಅಜ್ಜಿಯ ತವರು ಯಾವುದು, ಅವರ ಅಜ್ಜಿಯ ತವರು ಯಾವುದು ಎಂದು ಕೇಳಿ. ಅಡುಗೆ ಮನೆಯಲ್ಲಿ ಕೇಳಿದರೆ ಹೇಳುತ್ತಾರೆ, ಪೆನ್ನು ಹಿಡಿದು ಎದುರಿಗೆ ಕೂತರೆ ಹೇಳುವುದಿಲ್ಲ.

ಹೆಮ್ಮೆಯೂ ಎರಡು ಎಕರೆಯೂ

ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ಕೇಳುತ್ತಿದ್ದೀರಿ: ವಂಶ, ಬೆಡಗು, ಮನೆದೇವರು, ಇದೆಲ್ಲ ಕೊನೆಗೆ ಜಾತಿಗೇ ಹೋಗಿ ನಿಲ್ಲುತ್ತದಲ್ಲವೇ? ನಿಲ್ಲಬಹುದು. ಹುಷಾರಾಗಿರಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾಗಿದ್ದ ಎಚ್.ವಿ. ನಂಜುಂಡಯ್ಯನವರೇ ಮೈಸೂರು ಸಂಸ್ಥಾನದ ಬುಡಕಟ್ಟು-ಜಾತಿಗಳ ವಿವರ ಕಲೆಹಾಕಿದವರು. ಅವರು ತೀರಿಕೊಂಡ ಮೇಲೆ ಅನಂತಕೃಷ್ಣ ಅಯ್ಯರ್ ಅದನ್ನು ಮುಗಿಸಿದರು. ಅದು ತಿಳಿಯಲು ಬರೆದದ್ದು. ಈಗ ಅಂಥ ಪುಸ್ತಕ ತೆಗೆದು ‘ನಾವು ಇಂಥ ರಾಜರ ವಂಶ’ ಎಂದು ಫಲಕ ಹಾಕಿಸುವವರಿದ್ದಾರೆ. ಅವರ ಜತೆ ಸೇರಬೇಡಿ. ಹುಡುಕಲು ಹೊರಟವನಿಗೆ ರಾಜನೇ ಸಿಗಬೇಕೆಂದಿದ್ದರೆ ರಾಜನೇ ಸಿಗುತ್ತಾನೆ.

ಆದರೆ ಒಂದು ಮಾತು. ವಂಶವೃಕ್ಷ ಎಲ್ಲರಿಗೂ ಹೆಮ್ಮೆಯ ಆಟವಲ್ಲ. ತೋಟಿ, ತಳವಾರ, ನೀರಗಂಟಿ ಕೆಲಸಕ್ಕೆ ಹಿಂದೆ ಇನಾಂ ಜಮೀನು ಬಿಟ್ಟಿದ್ದರು. 1961ರ ಕಾಯಿದೆಯಿಂದ ಗ್ರಾಮದ ವಂಶಪಾರಂಪರ್ಯ ಹುದ್ದೆಗಳು ರದ್ದಾದವು, ಆ ಜಮೀನು ಅವರಿಗೇ ಮರುಮಂಜೂರಾಗಬೇಕಿತ್ತು. ಪರಿಶಿಷ್ಟರಿಗೆ ಮಂಜೂರಾಗಿ ಕೈತಪ್ಪಿದ ಜಮೀನನ್ನು ವಾಪಸು ಕೊಡಿಸಲು 1978ರಲ್ಲಿ ಇನ್ನೊಂದು ಕಾಯಿದೆ ಬಂತು. ಅರ್ಜಿ ಹಾಕಬೇಕಾದರೆ ಏನು ಬೇಕು? ಮಂಜೂರಾತಿ ಪಡೆದ ತಾತ ಇವರ ತಾತನೇ ಎಂಬುದಕ್ಕೆ ಪುರಾವೆ! ನಮ್ಮ ಗುಂಪಿನ ಒಬ್ಬ ಗೆಳೆಯ ಮೂರು ವರ್ಷ ಒಂದು ಕಚೇರಿಗೆ ಅಲೆದ. ಹಳೆಯ ಪುಸ್ತಕದಲ್ಲಿ ಅವನ ಮುತ್ತಾತನ ಹೆಸರು ಹಳ್ಳಿಯವರು ಕೂಗುತ್ತಿದ್ದ ಒಂದು ಅಡ್ಡಹೆಸರು ಮಾತ್ರ. ಮುಂದೆ ಯಾರೋ ಅದನ್ನು ಸರಿಯಾಗಿ ಓದದೆ ಬೇರೆ ಹೆಸರು ನಕಲು ಮಾಡಿದ್ದಾರೆ. ಒಂದು ಕೊಂಬು, ಒಂದು ದೀರ್ಘ ತಪ್ಪಿತು, ಎರಡು ಎಕರೆ ಸಿಕ್ಕಿಹಾಕಿಕೊಂಡಿತು. ಮೇಷ್ಟ್ರು ಮೂಲ ಬರಹ ಓದಿ ಅದು ಎರಡೂ ಒಂದೇ ಹೆಸರು ಎಂದು ಬರೆದುಕೊಟ್ಟಿದ್ದಾರೆ. ತೀರ್ಪು ಇನ್ನೂ ಬರಬೇಕು. ಕನ್ನಡ ಓದಲು ಬರುವುದು ಹೊಟ್ಟೆಪಾಡಿನ ವಿಷಯವೂ ಹೌದು ಎನ್ನುವುದಕ್ಕೆ ಇನ್ನೇನು ಬೇಕು?

ಎಲ್ಲಿ ಹುಡುಕುವುದು ಎಂದು ಕೇಳುತ್ತೀರಿ. ಮನೆಯಿಂದ ಹೊರಡಿ. ಪಾತ್ರೆಯ ಮೇಲಿನ ಅಕ್ಷರ, ಮದುವೆಯ ಲಗ್ನಪತ್ರಿಕೆ, ಮುಯ್ಯಿ ಪುಸ್ತಕ. ಮುಯ್ಯಿ ಪುಸ್ತಕ ಎಂದರೆ ನಿಮ್ಮ ಬಂಧುಬಳಗದ ಪೂರ್ತಿ ಪಟ್ಟಿ, ಊರಿನ ಹೆಸರಿನ ಸಮೇತ! ಅದನ್ನು ಎಸೆಯುವವರನ್ನು ಏನೆನ್ನಲಿ? ಆಮೇಲೆ ತಾತ ಓದಿದ ಶಾಲೆಯ ದಾಖಲಾತಿ ಪುಸ್ತಕ. ಆಮೇಲೆ ತಾಲೂಕು ಕಚೇರಿ. ಕೈಬರಹದ ಹಳೆಯ ಪಹಣಿ, ಮ್ಯುಟೇಷನ್, ಇಂಡೆಕ್ಸ್ ಆಫ್ ಲ್ಯಾಂಡ್ಸ್. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಡುವ ಕೆಲಸವನ್ನು ಸರ್ಕಾರ ಈಚೆಗೆ ಕೈಗೊಂಡಿದೆ, ಒಳ್ಳೆಯದು. ಆದರೆ ಚಿತ್ರ ತೆಗೆದ ಮಾತ್ರಕ್ಕೆ ಓದಿದ ಹಾಗಾಗುವುದಿಲ್ಲ. ಊರಿನ ಹಿಂದಿನ ಚರಿತ್ರೆಗೆ ರೈಸರು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟ ಇದೆ, ತುಮಕೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ಹೆಸರುಗಳ ಬಗ್ಗೆ ಎಂ.ಎಂ. ಕಲಬುರ್ಗಿಯವರ ‘ಕನ್ನಡ ನಾಮವಿಜ್ಞಾನ’ ಓದಿ. ಉತ್ತರ ಕರ್ನಾಟಕದವರ ಅಂಗಡಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರು ಕೇಳಿ ನೀವು ನಗುತ್ತೀರಲ್ಲ, ಅವರಿಗೆ ತಮ್ಮ ಮನೆ ಯಾವುದೆಂದು ಗೊತ್ತಿದೆ. ನಗಬೇಕಾದವರು ಅವರು! ಉಗುಳು ಕಳಿಸಿದರೆ ವಂಶ ಹೇಳುತ್ತೇವೆ ಎನ್ನುವ ಕಂಪನಿಗಳೂ ಈಗ ಇವೆ. ಕಳಿಸುವವರು ಕಳಿಸಿ. ಹುಲಿಕುಂಟೆಯ ಯಾವ ಬೀದಿ ಎಂದು ಉಗುಳು ಹೇಳುವುದಿಲ್ಲ.

ಪಾಸ್‌ಪೋರ್ಟಿನ ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಅಂಕಣ ನೋಡಿ ಗಾಬರಿಯಾಗುವವರಿಗೂ ಒಂದು ಮಾತು. ಐಸ್‌ಲ್ಯಾಂಡ್ ದೇಶದವರಿಗೆ ಇವತ್ತಿಗೂ ನಮ್ಮ ಹಾಗೆಯೇ ಸಾಮಾನ್ಯವಾಗಿ ಮನೆತನದ ಹೆಸರಿಲ್ಲ, ಇಂಥವರ ಮಗ, ಇಂಥವರ ಮಗಳು ಅಷ್ಟೆ. ಅವರೇನೂ ಕೀಳರಿಮೆಯಿಂದ ಕೊರಗುತ್ತಿಲ್ಲ. ಅಂಕಣ ತುಂಬಲೇಬೇಕಾದರೆ ಊರಿನ ಹೆಸರನ್ನು ಪೂರ್ತಿಯಾಗಿ ಬರೆಯಿರಿ. ಕನ್ನಡದಲ್ಲಿ ಸಹಿ ಮಾಡುವಾಗ ‘ಎಸ್.’ ಬೇಡ, ‘ಶಿ.’ ಬರೆಯಿರಿ. ಮಗುವಿನ ಹೆಸರನ್ನು ಶಾಲೆಗೆ ಬರೆಸುವ ದಿನ ಎದುರಿಗಿರುವವರು ಒಂದಕ್ಷರಕ್ಕೆ ಮೊಟಕು ಮಾಡಲು ಹೊರಟರೆ ತಡೆಯಿರಿ. ಅಲ್ಲಿ ಬಿದ್ದದ್ದು ಆಯುಷ್ಯ ಪೂರ್ತಿ ಇರುತ್ತದೆ. ನನ್ನ ಮಗಳ ಹೆಸರಿಗೆ ನಾನು ಬರೆಸಿಬಿಟ್ಟದ್ದು ‘ಎಸ್.’ ಎಂದೇ. ಕೊಳಗ ಸಿಕ್ಕುವಷ್ಟರಲ್ಲಿ ಅವಳ ಎಸ್ಸೆಸ್ಸೆಲ್ಸಿ ಮುಗಿದಿತ್ತು. ಅವಳು ಸಹಿಯನ್ನು ಮಾತ್ರ ಬದಲಾಯಿಸಿಕೊಂಡಿದ್ದಾಳೆ.

ಊಟ ಆದ ಮೇಲೆ ಪಕ್ಕದ ಕೋಣೆಯಲ್ಲಿ ಮೇಷ್ಟ್ರು ಕೂತಿರುತ್ತಾರೆ, ಪಾವಗಡದ ಹುಡುಗನೂ ಇರುತ್ತಾನೆ. ತಂದಿರುವ ಕಾಗದಗಳನ್ನು ಅವರ ಮುಂದಿಡಿ. ಮೂಲಪತ್ರ ಯಾರ ಕೈಗೂ ಕೊಟ್ಟು ಹೋಗಬೇಡಿ, ನನ್ನ ಕೈಗೂ ಬೇಡ, ಜೆರಾಕ್ಸ್ ಸಾಕು. ಏನೂ ತರದವರು ಮೇಷ್ಟ್ರಿಂದ ಕನ್ನಡ ಅಂಕಿ ಮತ್ತು ಮೋಡಿ ಬರಹದ ಮೊದಲ ಪಾಠ ಹೇಳಿಸಿಕೊಳ್ಳಿ, ಬಳಪ ಅವರೇ ತಂದಿದ್ದಾರೆ. ಬಸ್ಸು ಐದು ಗಂಟೆಗೆ ಹೊರಡುತ್ತದೆ.